ಮಾರ್ಕ್ ಫೋರ್ ತಗೊಂಡೋರು ಏನಂತಾರೆ?

ಹೋದ ಸಂಚಿಕೇಲಿ ರೂಗರ್ ಕಂಪನಿಯ ಪಾಯಿಂಟ್ 22 (ಗುಂಡಿನ ಅಳತೆ, ಇಂಚಲ್ಲಿ) ಟಾರ್ಗೆಟ್ ಪಿಸ್ತೂಲ್ ಮಾರ್ಕ್ ಫೋರ್ ಬಗ್ಗೆ ನಾಲ್ಕು ಸಾಲು ಬರೆದು, ಇಟ್ಕೊಂಡಿರೋರು ಹೇಗಿದೆ ಅಂತ ಹೇಳಿ, ತಗೋಬೇಕು ಅನ್ನೋರು ಕೇಳಿ ಅಂದಿದ್ವಿ. ಅಮೆರಿಕದಲ್ಲಿರೋ ನಮ್ಮ ಓದುಗರಲ್ಲಿ ಇಷ್ಟು ಜನ ಶೂಟಿಂಗ್ ರೇಂಜ್‌ಗೆ ಹೋಗ್ತಾರೆ ಅಂತ ನನಗಂತೂ ಗೊತ್ತಿರಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ನನ್ನ ಹತ್ರ ಮಾರ್ಕ್ ತ್ರೀ ಇದೆ, ಚೆನ್ನಾಗೇ ಹೊಡೆಯುತ್ತೆ. ಕ್ಲಬ್ಬಲ್ಲಿ ಮಾರ್ಕ್ ಫೋರ್ ತಗೊಂಡೋರೆಲ್ಲ ಪಿಸ್ತೂಲ್ ಬಿಚ್ಚೋ ಆ ಬಟನ್ ಬಗ್ಗೆನೇ ಹೇಳ್ತಾರೆ, ಬೇರೆ ಏನೂ ಹೇಳಲ್ಲ. ಒಂದು ಬಟನ್‌ಗೋಸ್ಕರ ಹೊಸದು ತಗೋಬೇಕಾ ಸರ್? (ಡಲ್ಲಾಸ್‌ನಿಂದ ಒಬ್ಬ ಓದುಗರು)

ಉತ್ತರ: ಅವರು ಬಟನ್ ಬಗ್ಗೆನೇ ಹೇಳೋದಕ್ಕೆ ಕಾರಣ ಇದೆ ಸ್ವಾಮಿ, ಹೊಸದರಲ್ಲಿ ನಿಜವಾಗ್ಲೂ ಹೊಸದು ಅಂತ ಇರೋದು ಅದೇ. ಈ ಪಿಸ್ತೂಲ್ ವಂಶ ಶುರುವಾಗಿದ್ದು 1949ರಲ್ಲಿ, ಕನೆಕ್ಟಿಕಟ್‌ನ ಸೌತ್‌ಪೋರ್ಟಲ್ಲಿ ಬಿಲ್ ರೂಗರ್ ಮತ್ತೆ ಅಲೆಕ್ಸಾಂಡರ್ ಸ್ಟರ್ಮ್ ಅನ್ನೋ ಇಬ್ರು ಸೇರಿ ಕಂಪನಿ ಮಾಡಿ, ಮೊದಲನೇ ಮಾಲು ಅಂತ ಇದನ್ನ 37 ಡಾಲರ್ 50 ಸೆಂಟ್‌ಗೆ ಮಾರಿದ್ರು. ಆಮೇಲೆ 1982ರಲ್ಲಿ ಮಾರ್ಕ್ ಟೂ ಬಂತು, ಅದಾದ ಮೇಲೆ ತ್ರೀ, 2016ರಲ್ಲಿ ಫೋರ್. ಒಳಗಿನ ಲೆಕ್ಕಾಚಾರ ಮಾತ್ರ ಆವತ್ತಿಂದ ಒಂದೇ: ಕೊಳವೆ ಥರದ ರಿಸೀವರ್ (ಪಿಸ್ತೂಲಿನ ಮೇಲಿನ ಒಡಲು), ಅದರೊಳಗೆ ಹಿಂದೆ ಮುಂದೆ ಓಡೋ ಗುಂಡಗಿನ ಬೋಲ್ಟ್ (ತೋಟೆ ಒಳಗೆ ತಳ್ಳೋ ಭಾಗ), ಬ್ಯಾರಲ್ಲು (ನಳಿಗೆ) ರಿಸೀವರ್‌ಗೇ ಬಿಗಿದಿರತ್ತೆ, ಗುರಿ ಹಿಡಿಯೋ ಮುಂದಿನ ಸೈಟು ಹಿಂದಿನ ಸೈಟು ಎರಡೂ ಆ ಒಂದೇ ಮೇಲ್ಭಾಗದ ಮೇಲೆ ಕೂತಿರತ್ತೆ. ಗುಂಡು ಹಾರಿದಾಗ ಸೈಟ್ ಅಲ್ಲಾಡೋ ಪ್ರಶ್ನೆನೇ ಇಲ್ಲ. ಕಡಿಮೆ ದುಡ್ಡಿಗೆ ಇಷ್ಟು ನಿಖರವಾಗಿ ಹೊಡೆಯೋ ಗುಟ್ಟು ಅಲ್ಲೇ ಇರೋದು, ಅದು ನಿಮ್ಮ ತ್ರೀಲೂ ಇದೆ.

ತೊಂದರೆ ಇದ್ದಿದ್ದು ಕ್ಲೀನ್ ಮಾಡಕ್ಕೆ ಬಿಚ್ಚೋದ್ರಲ್ಲಿ, ಅಲ್ಲ, ಬಿಚ್ಚೋದು ಹೇಗೋ ಆಗ್ತಿತ್ತು, ವಾಪಸ್ ಜೋಡಿಸೋದ್ರಲ್ಲಿ. ಹಿಡಿಯ ಹಿಂದುಗಡೆ ಇರೋ ಮೇನ್‌ಸ್ಪ್ರಿಂಗ್ ಹೌಸಿಂಗ್ ವಾಪಸ್ ಹಾಕ್ಬೇಕಾದ್ರೆ ಹ್ಯಾಮರ್‌ನ (ಪಿನ್ನಿಗೆ ಬಡಿಯೋ ಭಾಗದ) ಕಡ್ಡಿ ಸರಿಯಾಗಿ ಆ ಸ್ಪ್ರಿಂಗ್ ಮೇಲಿನ ಗುಳೀಲಿ ಕೂರ್ಬೇಕು, ಅದಕ್ಕೆ ಪಿಸ್ತೂಲ್‌ನ ಒಂದ್ಸಲ ಮೇಲ್ಮುಖ ಒಂದ್ಸಲ ಕೆಳಮುಖ ಮಾಡಿ, ತ್ರೀ ಆದ್ರೆ ನಡುನಡುವೆ ಮ್ಯಾಗಝೀನ್ (ಗುಂಡು ತುಂಬೋ ಪೆಟ್ಟಿಗೆ) ಹಾಕಿ ತೆಗೆದು ಹಾಕಿ, ಟ್ರಿಗರ್ ಎಳೆದು, ರಬ್ಬರ್ ಸುತ್ತಿಗೇಲಿ ಎರಡು ಏಟು ಕೊಟ್ಟು, ಆದ್ರೂ ಕೂರದೆ ಕೊನೆಗೆ ಭಾಗಗಳನ್ನ ಕವರ್‌ಗೆ ಹಾಕ್ಕೊಂಡು ಗನ್‌ಸ್ಮಿತ್ ಹತ್ರ ಓಡಿದೋರು ಬೇಕಾದಷ್ಟು ಜನ ಇದಾರೆ. ಹಾಗಾಗಿ ಏನಾಯ್ತು ಅಂದ್ರೆ ಯಾರೂ ಬಿಚ್ಚೋದೇ ಬಿಟ್ರು. ಇಂಥ ರಿಮ್‌ಫೈರ್ (ಅಂಚಿಗೆ ಬಡಿದ್ರೆ ಹಾರೋ) ಗುಂಡು ಗಲೀಜು ಮಾಡೋದ್ರಲ್ಲಿ ಎತ್ತಿದ ಕೈ, ಮೇಣ ಮೆತ್ತಿದ ಸೀಸ, ಅರ್ಧಂಬರ್ಧ ಸುಟ್ಟ ಪುಡಿ, ಎಲ್ಲ ಒಳಗೇ ಕೂರತ್ತೆ.

ಫೋರಲ್ಲಿ ಹಿಂದುಗಡೆ ಬೋಲ್ಟ್ ಕೆಳಗೆ ಒಂದು ಬಟನ್, ಒತ್ತಿದ್ರೆ ಮೇಲ್ಭಾಗ ಮುಂದಿನ ಕೀಲಿನ ಮೇಲೆ ಎದ್ದು ಕೈಗೇ ಬಂದ್ಬಿಡತ್ತೆ, ಬೋಲ್ಟ್ ಹಿಂದಿನಿಂದ ಜಾರಿ ಬರತ್ತೆ, ಕ್ಲೀನಿಂಗ್ ಕಡ್ಡೀನ ಚೇಂಬರ್ (ತೋಟೆ ಕೂರೋ ಜಾಗ) ಕಡೆಯಿಂದಾನೇ ಹಾಕ್ಬಹುದು. ಆದ್ರೆ ಮೊದಲು ಮ್ಯಾಗಝೀನ್ ತೆಗೀರಿ, ಚೇಂಬರ್ ಖಾಲಿ ಇದ್ಯಾ ಕಣ್ಣಾರೆ ನೋಡಿ, ಬೋಲ್ಟ್ ಹಿಂದಕ್ಕೆಳೆದು ಬಿಟ್ಟು ಕಾಕ್ ಮಾಡಿ, ಸೇಫ್ಟಿ ಹಾಕಿ, ಆಮೇಲೆ ಬಟನ್. ಕಾಕ್ ಆಗಿರದಿದ್ರೆ ಸೇಫ್ಟಿ ಮೇಲೇರಲ್ಲ, "ಹೊಸ ಪಿಸ್ತೂಲ್ ಬಿಚ್ಚಕ್ಕೇ ಆಗ್ತಿಲ್ಲ" ಅಂತ ಬರೆದಿರೋ ಇಬ್ರೂ ಇದನ್ನೊಂದ್ಸಲ ನೋಡಿ. ಹೊಸತರಲ್ಲಿ ಮೇಲ್ಭಾಗ ಕೂರೋದು ಸ್ವಲ್ಪ ಬಿಗಿ ಅಂತ ಸುಮಾರು ಜನ ಬರೆದಿದಾರೆ, ಬಳಸ್ತಾ ಬಳಸ್ತಾ ಸಡಿಲ ಆಗತ್ತೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ತ್ರೀನ ಬಿಚ್ಚಿ ಜೋಡಿಸೋದು ನಿಮಗೆ ಕೈಗೆ ಕೂತಿದ್ರೆ ಫೋರ್ ಬೇಡ, ಸ್ಕೋರ್ ಒಂದು ಪಾಯಿಂಟೂ ಜಾಸ್ತಿ ಆಗಲ್ಲ. ಇಲ್ಲ, ಕ್ಲೀನ್ ಮಾಡದೆ ಯಾವ ಕಾಲ ಆಯ್ತೋ ಅನ್ನೋ ಪೈಕಿ ನೀವಾದ್ರೆ ತಗೊಳ್ಳಿ. ಮಾರ್ಕ್ ಟೂ ಚೆನ್ನಾಗಿರೋದು ಯಾರ ಹತ್ರನಾದ್ರೂ ಇದ್ರೆ ಅದನ್ನಂತೂ ಮಾರ್ಬೇಡಿ, ಇದು ನನ್ನ ಸ್ವಂತ ಅಭಿಪ್ರಾಯ, ಜಗಳಕ್ಕೆ ಬರ್ಬೇಡಿ.

ಪ್ರಶ್ನೆ: ಮ್ಯಾಗಝೀನ್ ಇಲ್ಲದಿದ್ರೆ ಟ್ರಿಗರ್ ಕೆಲಸ ಮಾಡಲ್ಲ, ಇದೊಂದು ಕಿರಿಕಿರಿ. ಅದನ್ನ ತೆಗೆಸ್ಬಹುದಾ? ಟ್ರಿಗರ್ ಕೂಡ ಭಾರ ಅನ್ಸತ್ತೆ. (ಅಟ್ಲಾಂಟಾ)

ಉತ್ತರ: ಇಟ್ಕೊಂಡಿರೋರ ದೂರುಗಳಲ್ಲಿ ಮೊದಲನೇ ಸ್ಥಾನ ಇದಕ್ಕೇ. ಮಾರ್ಕ್ ತ್ರೀಲಿ ಇದ್ದ ಚೇಂಬರ್ ತುಂಬಿದ್ಯಾ ಅಂತ ತೋರ್ಸೋ ಪಟ್ಟಿ, ಒಳಗಿನ ಬೀಗ, ಎರಡನ್ನೂ ಫೋರಲ್ಲಿ ತೆಗೆದ್ರು, ನೀವು ಹೇಳೋ ಈ ತಡೆ, ಅಂದ್ರೆ ಮ್ಯಾಗಝೀನ್ ಡಿಸ್ಕನೆಕ್ಟ್ ಮಾತ್ರ ಉಳಿಸ್ಕೊಂಡ್ರು. ವೋಲ್ಕ್ವಾರ್ಟ್‌ಸೆನ್, ಟ್ಯಾಂಡಮ್‌ಕ್ರಾಸ್ ಥರದವರು ಮಾರೋ ಭಾಗ ಹಾಕ್ಸಿ ಅದನ್ನ ತೆಗೆದವರು ತುಂಬ ಜನ, ಟ್ರಿಗರ್ ಹಗುರ ಮಾಡ್ಸೋದೂ ಅದೇ ಕಿಟ್‌ಗಳಲ್ಲೇ. ಬರೀ ಟಾರ್ಗೆಟ್‌ಗೆ ಬಳಸೋ ಪಿಸ್ತೂಲ್, ಮನೇಲಿ ಮಕ್ಕಳಿಲ್ಲ ಅಂದ್ರೆ ನಿಮ್ಮಿಷ್ಟ. ಮನೇಲಿ ಮಕ್ಕಳಿದ್ರೆ ನಾನು ಮುಟ್ಟಲ್ಲ. ಟ್ರಿಗರ್‌ನೂ ಬೇಕಾದಷ್ಟು ಹಗುರ ಮಾಡ್ಸಕ್ಕಾಗಲ್ಲ, ಬುಲ್ಸ್‌ಐ ಅನ್ನೋ ಅಮೆರಿಕದ ಟಾರ್ಗೆಟ್ ಮ್ಯಾಚಲ್ಲಿ ಪಾಯಿಂಟ್ 22ಕ್ಕೆ ಕನಿಷ್ಠ 2 ಪೌಂಡ್ ತೂಕ ಎತ್ತಬೇಕು, ಅದಕ್ಕಿಂತ ಹಗುರ ಆದ್ರೆ ಲೈನಿಗೇ ಬಿಡಲ್ಲ. ಆರು ತಿಂಗಳು ಇದ್ದ ಹಾಗೇ ಹೊಡೀರಿ, ಅಷ್ಟರಲ್ಲಿ ಭಾರ ಟ್ರಿಗರ್‌ದೋ ಬೆರಳಿಂದೋ ಗೊತ್ತಾಗತ್ತೆ.

ಗುಂಡು ಇಲ್ಲದೆ ಬರೀ ಕ್ಲಿಕ್ ಕ್ಲಿಕ್ ಪ್ರಾಕ್ಟೀಸ್ ಮಾಡ್ಬಹುದಾ ಅಂತ ಇನ್ನೊಬ್ರು ಕೇಳಿದಾರೆ. ರಿಮ್‌ಫೈರಲ್ಲಿ ಫೈರಿಂಗ್ ಪಿನ್ನು ತೋಟೆಯ ಅಂಚಿಗೆ ಬಡಿಯೋದು, ನಡುವಿಗಲ್ಲ, ಹಾಗಾಗಿ ತೋಟೆ ಇಲ್ಲದಾಗ ಎಷ್ಟೋ ಪಿಸ್ತೂಲಲ್ಲಿ ಅದು ಚೇಂಬರ್ ಬಾಯಿಗೇ ಬಡಿದು ಗಾಯ ಮಾಡತ್ತೆ. ರೂಗರಲ್ಲಿ ಪಿನ್ ಅಲ್ಲಿವರೆಗೂ ಹೋಗದ ಹಾಗೆ ಬೋಲ್ಟ್ ಒಳಗೆ ಒಂದು ಅಡ್ಡ ಪಿನ್ ಇದೆ, ಅದು ಜಾಗದಲ್ಲಿದ್ರೆ ಧಾರಾಳವಾಗಿ ಮಾಡಿ. ಬೋಲ್ಟ್ ಬಿಚ್ಚಿ ಕ್ಲೀನ್ ಮಾಡಿದವರು ಆ ಚಿಕ್ಕ ಪಿನ್ ವಾಪಸ್ ಹಾಕೋದು ಮರೀಬೇಡಿ ಅಷ್ಟೇ.

ಪ್ರಶ್ನೆ: ಸೆಕೆಂಡ್ ಹ್ಯಾಂಡಲ್ಲಿ ಒಂದು ಮಾರ್ಕ್ ಫೋರ್ ಸಿಗ್ತಿದೆ, 2017ರದ್ದಂತೆ. ಏನು ನೋಡ್ಬೇಕು? (ಕೊಲಂಬಸ್, ಓಹಾಯೋ)

ಉತ್ತರ: ಮೊದಲು ಸೀರಿಯಲ್ ನಂಬರ್ ನೋಡಿ, ಉಳಿದಿದ್ದೆಲ್ಲ ಆಮೇಲೆ. 2017ರ ಜೂನಲ್ಲಿ ರೂಗರ್‌ನೋರು ಆ ವರ್ಷ ಜೂನ್ 1ಕ್ಕೆ ಮುಂಚೆ ತಯಾರಾದ ಎಲ್ಲ ಮಾರ್ಕ್ ಫೋರ್‌ಗಳನ್ನೂ ರಿಪೇರಿಗೆ ವಾಪಸ್ ಕರೆದ್ರು. 401 ಅಥವಾ ಡಬ್ಲ್ಯೂಬಿಆರ್ ಅಂತ ಶುರುವಾಗೋ ನಂಬರ್‌ಗಳು ಅದರಲ್ಲಿ ಬರತ್ತೆ. ಸಮಸ್ಯೆ ಏನು ಅಂದ್ರೆ ಸೇಫ್ಟಿ ಲಿವರ್ ಪೂರ್ತಿ ಮೇಲೂ ಇಲ್ಲ ಪೂರ್ತಿ ಕೆಳಗೂ ಇಲ್ಲ, ಮಧ್ಯದಲ್ಲಿ ನಿಂತಿರೋವಾಗ ಟ್ರಿಗರ್ ಎಳೆದ್ರೆ ಗುಂಡು ಹಾರದೇ ಇರಬಹುದು, ಸರಿ ಹಾರಲಿಲ್ಲ ಅಂತ ಬೆರಳು ತೆಗೆದು ಲಿವರ್‌ನ ಫೈರ್ ಕಡೆಗೆ ತಳ್ಳಿದ್ರೆ ಆಗ ಹಾರಬಹುದು, ಟ್ರಿಗರ್ ಮೇಲೆ ಬೆರಳೇ ಇಲ್ಲದಿದ್ರೂ. ಎಷ್ಟು ಅಪಾಯ ನೋಡಿ, ಯಾಕಂದ್ರೆ ಆ ಹೊತ್ತಲ್ಲಿ ಮನುಷ್ಯ "ಇದಕ್ಕೇನಾಯ್ತು" ಅಂತ ಪಿಸ್ತೂಲ್ ತಿರುಗಿಸಿ ನೋಡ್ತಾ ಇರ್ತಾನೆ. ಕಂಪನಿಯೋರು ಪುಕ್ಕಟೆ ಸರಿ ಮಾಡಿಕೊಟ್ರು. ಮಾರೋರು "ನಂದು ಆಗಿದೆ" ಅಂದ್ರೆ ಕಾಗದ ಕೇಳಿ, ಇಲ್ಲದಿದ್ರೆ ರೂಗರ್‌ಗೇ ಫೋನ್ ಮಾಡಿ ನಂಬರ್ ಕೊಟ್ಟು ವಿಚಾರಿಸಿ. ಸರಿ ಆಗಿದ್ರೆ ಹೆದರೋದು ಬೇಡ, ಒಳ್ಳೇ ರೇಟಿಗೂ ಸಿಗಬಹುದು.

ಪ್ರಶ್ನೆ: ನನ್ನ ಕೈ ಚಿಕ್ಕದು. ನಮ್ಮನೆಯವರು ತಂದ ಮಾರ್ಕ್ ಫೋರ್ ಟಾರ್ಗೆಟ್ ಹಿಡಿದ್ರೆ ಮೂತಿ ಮೇಲಕ್ಕೆ ಹೋಗತ್ತೆ, ಅದೂ ಅಲ್ದೆ ಭಾರ. ಇವರು "ಅಭ್ಯಾಸ ಆಗತ್ತೆ ಬಿಡು" ಅಂತಾರೆ. (ಫೀನಿಕ್ಸ್‌ನಿಂದ ಗೃಹಿಣಿ ಹಾಗೂ ಹೊಸ ಶೂಟರ್)

ಉತ್ತರ: ಅಭ್ಯಾಸ ಆಗತ್ತೆ ನಿಜ, ಆದ್ರೆ ಯಾಕೆ ಮಾಡ್ಕೋಬೇಕು ಮೇಡಂ? ಇದರ ಹಿಡಿ ಹಳೇ ಜರ್ಮನ್ ಲೂಗರ್ ಪಿಸ್ತೂಲ್ ಥರ ಜಾಸ್ತಿ ಓರೆ, ಅದಕ್ಕೇ ಮೂತಿ ಮೇಲೆ ಹೋಗೋದು, ನಿಮ್ಮ ಮಣಿಕಟ್ಟಿನ ತಪ್ಪಲ್ಲ. ಇದೇ ಪಿಸ್ತೂಲಲ್ಲೇ 22/45 ಅಂತ ಇನ್ನೊಂದು ಬರತ್ತೆ, ಅದರ ಹಿಡಿ 1911 ಅನ್ನೋ ಹಳೇ ಅಮೆರಿಕನ್ ಪಿಸ್ತೂಲಿನ ಓರೆಗೆ ಮಾಡಿರೋದು, ತುಂಬ ಜನಕ್ಕೆ ಕೈಗೆ ಸಹಜವಾಗಿ ಕೂರತ್ತೆ, ಅದರಲ್ಲಿ ಲೈಟ್ ಅನ್ನೋ ಮಾಡೆಲ್ ಹೆಸರಿಗೆ ತಕ್ಕ ಹಾಗೆ ಹಗುರ. ಸ್ಟೀಲ್ ಟಾರ್ಗೆಟ್ ಮಾಡೆಲ್ 1 ಕಿಲೋ ದಾಟತ್ತೆ, ಒಂದು ಕೈ ಚಾಚಿ ಹಿಡಿಯೋದು ಸುಮ್ನೆ ಅಲ್ಲ. ಹಾಗಂತ ಭಾರ ಇದ್ರೆ ಸೈಟು ನಿಧಾನಕ್ಕೆ ಓಲಾಡತ್ತೆ, ತೀರ ಹಗುರ ಆದ್ರೆ ಚಡಪಡಿಸತ್ತೆ, ಇದೂ ಇದೆ. ಅಂಗಡೀಲಿ ಎರಡನ್ನೂ ಹಿಡಿದು, ಕಣ್ಣು ಮುಚ್ಚಿ ಗೋಡೆ ಕಡೆಗೆ ತೋರಿಸಿ ಕಣ್ಣು ಬಿಡಿ, ಸೈಟು ಯಾವುದರಲ್ಲಿ ಸರಿಯಾಗಿ ಸಾಲಾಗಿ ನಿಂತಿರತ್ತೋ ಅದು ನಿಮ್ಮದು. ಈಗಿರೋದು ನಿಮ್ಮನೆಯವರಿಗೇ ಇರಲಿ.

ಪ್ರಶ್ನೆ: ಡಬ್ಬಿಗಟ್ಟಲೆ ಬರೋ ಅಗ್ಗದ ಗುಂಡು ಹಾಕಿದ್ರೆ ಹತ್ತಕ್ಕೊಂದು ಸಿಕ್ಕಾಕ್ಕೊಳ್ಳತ್ತೆ. ಪಿಸ್ತೂಲ್ ದೋಷನಾ? (ಮಿಶಿಗನ್)

ಉತ್ತರ: ಮೊದಲು ಗುಂಡು ಬದಲಾಯ್ಸಿ ನೋಡಿ. ಈ ಪಾಯಿಂಟ್ 22 ಲಾಂಗ್ ರೈಫಲ್ ತೋಟೆ 1887ರ ಕಾಲದ್ದು, ಹಿಂದುಗಡೆ ಅಂಚು ಇರತ್ತೆ, ಆ ಅಂಚಿನ ಒಳಗೇ ಕಿಡಿ ಹತ್ತೋ ಮದ್ದು ಇರೋದು. ಆ ಮದ್ದು ಸುತ್ತಲೂ ಸಮನಾಗಿ ಹರಡಿರದಿದ್ರೆ, ಪಿನ್ ಬಡಿದ ಜಾಗದಲ್ಲಿ ಏನೂ ಇಲ್ಲದಿದ್ರೆ ಹಾರಲ್ಲ, ಅಗ್ಗದ ಗುಂಡಲ್ಲಿ ಇದು ಮಾಮೂಲು. ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ ಥರ 40 ಗ್ರೇನ್ (ಸುಮಾರು 2.6 ಗ್ರಾಂ) ಸೀಸದ, ಸೆಕೆಂಡಿಗೆ 1070 ಅಡಿ ಓಡೋ ಗುಂಡು ಹಾಕಿ ನೋಡಿ, ಟಾರ್ಗೆಟ್ ಹೊಡೆಯೋರಲ್ಲಿ ತುಂಬ ಜನ ಅದನ್ನೇ ಬಳಸೋದು. ಶಬ್ದದ ವೇಗಕ್ಕಿಂತ ಕೆಳಗೇ ಇರತ್ತೆ. ತೀರ ನಿಧಾನದ್ದು ಹಾಕಿದ್ರೆ ಬೋಲ್ಟ್ ಪೂರ್ತಿ ಹಿಂದೆ ಹೋಗಕ್ಕೆ ಶಕ್ತಿ ಸಾಲಲ್ಲ, ಅದೂ ಸಿಕ್ಕಾಕ್ಕೊಳ್ಳತ್ತೆ. ಮ್ಯಾಗಝೀನ್ ತುಂಬೋವಾಗ ಪಕ್ಕದ ಬಟನ್ ಪೂರ್ತಿ ಕೆಳಗೆ ಎಳೆದು ಗುಂಡು ದಬದಬ ಬೀಳಿಸ್ಬೇಡಿ, ಒಂದೊಂದಾಗಿ ಕೂರಿಸಿ, ಹೆಬ್ಬೆರಳು ನೋಯತ್ತೆ, ಏನ್ಮಾಡೋದು. ಮನೆಗೆ ಬಂದು ಊಟಕ್ಕೆ ಮುಂಚೆ ಸೋಪ್ ಹಾಕಿ ಕೈ ತೊಳೀರಿ, ಸೀಸ ಅದು.

ಪ್ರಶ್ನೆ: ಮಗಳು ಮನು ಭಾಕರ್ ನೋಡಿ 25 ಮೀಟರ್ ಪಿಸ್ತೂಲ್ ಹೊಡೀತೀನಿ ಅಂತಿದಾಳೆ. ಮಾರ್ಕ್ ಫೋರ್ ನಡೆಯತ್ತಾ? (ನಾರ್ತ್ ಕೆರೊಲಿನಾ)

ಉತ್ತರ: ಕಲಿಯೋದಕ್ಕೆ ಧಾರಾಳವಾಗಿ ನಡೆಯತ್ತೆ. ಆದ್ರೆ ಮಾಡೆಲ್ ನೋಡಿ ತಗೊಳ್ಳಿ, ಅಂತರರಾಷ್ಟ್ರೀಯ ನಿಯಮದಲ್ಲಿ ಬ್ಯಾರಲ್ 153 ಮಿಲಿಮೀಟರ್ ದಾಟೋ ಹಾಗಿಲ್ಲ, ಟ್ರಿಗರ್ ಕನಿಷ್ಠ 1000 ಗ್ರಾಂ, ಪಿಸ್ತೂಲ್ ತೂಕ 1400 ಗ್ರಾಂ ಒಳಗೆ. ಟಾರ್ಗೆಟ್ ಮಾಡೆಲ್‌ನ ಐದೂವರೆ ಇಂಚಿನ ಬ್ಯಾರಲ್ ಅಂದ್ರೆ ಸುಮಾರು 140 ಮಿಲಿಮೀಟರ್, ಸರಿಹೋಗತ್ತೆ. ಹಂಟರ್, ಕಾಂಪಿಟಿಷನ್ ಮಾಡೆಲ್‌ಗಳ 6.88 ಇಂಚು ಅಂದ್ರೆ 175 ಹತ್ರ, ಹೆಸರಲ್ಲಿ ಕಾಂಪಿಟಿಷನ್ ಇದ್ರೂ ಈ ಕಾಂಪಿಟಿಷನ್‌ಗೆ ಬರಲ್ಲ! ಅಮೆರಿಕದ ಬುಲ್ಸ್‌ಐಗೆ ಎರಡೂ ಆಗತ್ತೆ. ಮುಂದೆ ಗಂಭೀರವಾಗಿ ಆಡ್ತಾಳೆ ಅಂದ್ರೆ ಪಾರ್ಡಿನಿ, ವಾಲ್ಥರ್ ಥರದ, ಕೈ ಅಳತೆಗೆ ಕೆತ್ತಿದ ಮರದ ಹಿಡಿ ಇರೋ ಪಿಸ್ತೂಲ್‌ಗೇ ಹೋಗ್ಬೇಕು, ಬೆಲೆ ಕೇಳಿ ಕೂತ್ಕೊಂಡುಬಿಡ್ತೀರ, ಹಾಗಾಗಿ ಮೊದಲು ಆಸಕ್ತಿ ನಿಲ್ಲತ್ತಾ ನೋಡಿ. ಮನು 2024ರ ಪ್ಯಾರಿಸ್‌ನಲ್ಲಿ ಈ ಸ್ಪರ್ಧೇಲಿ ನಾಲ್ಕನೇ ಸ್ಥಾನ, ಎರಡು ಕಂಚು ಬಂದಿದ್ದು 10 ಮೀಟರ್ ಏರ್ ಪಿಸ್ತೂಲಲ್ಲಿ. ಏರ್ ಪಿಸ್ತೂಲಿಂದ ಶುರು ಮಾಡ್ಸಿದ್ರೂ ತಪ್ಪಿಲ್ಲ, ಗ್ಯಾರೇಜಲ್ಲೇ ಪ್ರಾಕ್ಟೀಸ್ ಆಗತ್ತೆ.

ಪ್ರಶ್ನೆ: ನಾನು ಎಚ್-1ಬಿ. ಮೈಸೂರಿಂದ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿದಾರೆ. ಅಪ್ಪ ಎನ್‌ಸಿಸೀಲಿ ಇದ್ದೋರು, ಫ್ರೆಂಡ್‌ನ ಮಾರ್ಕ್ ಫೋರಲ್ಲಿ ರೇಂಜಲ್ಲಿ ನಾಲ್ಕು ಗುಂಡು ಹೊಡೆಯಕ್ಕೆ ಆಸೆ. (ಆಸ್ಟಿನ್)

ಉತ್ತರ: ಬೇಡಪ್ಪ. ನೀವೂ ಬೇಡ, ಅಪ್ಪನೂ ಬೇಡ. ಅಮೆರಿಕದ ಫೆಡರಲ್ ಕಾನೂನಲ್ಲಿ ವಲಸೆಯೇತರ ವೀಸಾದಲ್ಲಿ ಒಳಗೆ ಬಂದೋರು ಬಂದೂಕು ಆಗಲಿ ಗುಂಡು ಆಗಲಿ ಇಟ್ಕೊಳ್ಳೋ ಹಾಗಿಲ್ಲ, ರೇಂಜಲ್ಲಿ ಬಾಡಿಗೆಗೆ ತಗೊಂಡು ಹೊಡೆಯೋದೂ ಅದರಲ್ಲೇ ಬರತ್ತೆ. ಎಚ್-1ಬಿ, ವಿಸಿಟರ್, ಸ್ಟೂಡೆಂಟ್ ಎಲ್ಲ ಆ ಸಾಲಲ್ಲೇ. ಕೆಲವು ವಿನಾಯಿತಿ ಇದೆ, ಮುಖ್ಯವಾಗಿ ಯಾವುದಾದ್ರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ರೆ. ಹಾಗೆ ಮಾಡ್ಕೊಂಡಿರೋ ನಮ್ಮೋರು ಇದಾರೆ, ಆದ್ರೆ ವೀಸಾ ವಿಷಯ, ಇಮಿಗ್ರೇಷನ್ ವಕೀಲರನ್ನ ಕೇಳದೆ ಕೈ ಹಾಕ್ಬೇಡಿ. ಗ್ರೀನ್ ಕಾರ್ಡ್ ಬಂದೋರಿಗೆ ಈ ತಡೆ ಇಲ್ಲ. ರೇಂಜಲ್ಲಿ ಗಾಜಿನ ಆಚೆ ನಿಂತು ನೋಡಕ್ಕೆ ಅಡ್ಡಿಯಿಲ್ಲ, ಅಪ್ಪಂಗೆ ಅಷ್ಟು ತೋರಿಸಿ.

ಪ್ರಶ್ನೆ: ನಮ್ಮದು ಕೊಡಗಿನ ಜಮ್ಮಾ (ತಲೆಮಾರಿಂದ ಬಂದ ಭೂಹಿಡುವಳಿ) ಮನೆತನ, ಕೋವಿಗೆ ಲೈಸೆನ್ಸ್ ಬೇಡ. ಅಮೆರಿಕದ ಭಾವ ಇಂಥ ಪಿಸ್ತೂಲ್ ತಂದುಕೊಟ್ರೆ ಇಟ್ಕೋಬಹುದಾ? (ವಿರಾಜಪೇಟೆ)

ಉತ್ತರ: ಇಲ್ಲ. 2029ರ ತನಕ ವಿಸ್ತರಿಸಿರೋ ಆ ವಿನಾಯಿತೀನ ನಂಬ್ಕೊಂಡು ಪಿಸ್ತೂಲ್ ಇಟ್ಕೋಬೇಡಿ, ಮೊದಲು ಲೈಸೆನ್ಸ್ ಕೊಡೋ ಕಚೇರೀಲಿ ವಿಚಾರಿಸಿ. ಮತ್ತೆ ಭಾವ ಸೂಟ್‌ಕೇಸಲ್ಲಿ ತರೋ ವಸ್ತುನೂ ಅಲ್ಲ ಅದು, ಲೈಸೆನ್ಸ್ ಇಲ್ಲದೆ ತಂದ್ರೆ 1959ರ ಆರ್ಮ್ಸ್ ಆಕ್ಟ್ ಕೇಸು ಭಾವನ ತಲೆಗೇ. ಭಾವ ಅಂದಿದ್ದಕ್ಕೆ ಇನ್ನೊಂದು ಮಾತು, ಇದು ಅಲ್ಲಿ ರೇಂಜ್‌ಗೆ ಹೋಗೋ ಎಲ್ಲರಿಗೂ: ಊರಿಗೆ ಬರೋವಾಗ ರೇಂಜ್ ಬ್ಯಾಗನ್ನ ಪ್ರಯಾಣಕ್ಕೆ ಬಳಸ್ಬೇಡಿ. ಮೂಲೇಲಿ ಸಿಕ್ಕಿಕೊಂಡಿರೋ ಒಂದೇ ಒಂದು ಪಾಯಿಂಟ್ 22 ತೋಟೆ ಬೆಂಗಳೂರು ಏರ್‌ಪೋರ್ಟಲ್ಲಿ ಸ್ಕ್ಯಾನರ್‌ಗೆ ಕಂಡ್ರೆ ರಜೆಯೆಲ್ಲ ಪೊಲೀಸ್ ಸ್ಟೇಷನ್, ಕೋರ್ಟು ಅಂತ ಕಳೆಯತ್ತೆ. ಬೇರೆ ಬ್ಯಾಗ್ ತಗೊಳ್ಳಿ.