ಗುಡಿ, ಗ್ರಂಥಾಲಯ ಕೆಡವಿದರೆ ಸೈನ್ಯಕ್ಕೇನು ಲಾಭ?

ಯುದ್ಧದಲ್ಲಿ ಗುಡಿ, ಗ್ರಂಥಾಲಯಗಳಿಗೆ ಯಾಕೆ ಕೈ ಹಾಕುತ್ತಾರೆ, ಅದಕ್ಕೆ ಶಿಕ್ಷೆ ಇಲ್ಲವೇ ಎಂದು ಕೇಳಿದ್ದೀರಿ.

ಎದುರಿನವರು 'ನಾವೂ ಇಲ್ಲಿಯವರೇ' ಎನ್ನಲು ಇರುವ ಸಾಕ್ಷಿಯನ್ನೇ ಅಳಿಸುವುದು ಇದರ ಉದ್ದೇಶ. 1981ರಲ್ಲಿ ಶ್ರೀಲಂಕಾದ ತಮಿಳರ ಊರು ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿಯಿಟ್ಟರು. ಸುಮಾರು 97,000 ಪುಸ್ತಕ, ಹಸ್ತಪ್ರತಿಗಳು ಬೂದಿಯಾದವು. ಅಚ್ಚಾದ ಪುಸ್ತಕ ಇನ್ನೆಲ್ಲೋ ಸಿಕ್ಕೀತು, ಒಂದೇ ಪ್ರತಿಯಿದ್ದ ತಾಳೆಗರಿ ಹೋದರೆ ಹೋದಂತೆಯೇ. ಆಗಿನ್ನೂ ಅಲ್ಲಿ ಅಂತರ್ಯುದ್ಧ ಶುರುವಾಗಿರಲಿಲ್ಲ ಎನ್ನುವುದನ್ನು ಗಮನಿಸಿ.

ಶಿಕ್ಷೆ ಇದೆ, ಅಪರೂಪಕ್ಕೆ. 1954ರ ಹೇಗ್ ಒಪ್ಪಂದ ಇಂಥ ಜಾಗಗಳಿಗೆ ರಕ್ಷಣೆ ಕೊಡುತ್ತದೆ, ಆದರೆ 'ಸೈನಿಕ ಅನಿವಾರ್ಯತೆ' ಎಂಬ ಬಾಗಿಲನ್ನೂ ತೆರೆದಿಟ್ಟಿದೆ. ಆಫ್ರಿಕಾದ ಮಾಲಿ ದೇಶದ ಟಿಂಬಕ್ಟುವಿನಲ್ಲಿ ಸಂತರ ಗೋರಿಗಳನ್ನು ಒಡೆಸಿದ ಉಗ್ರ ಅಲ್ ಮಹ್ದಿಗೆ 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 9 ವರ್ಷ ಜೈಲು ವಿಧಿಸಿತು.

ಕೆಡವದೆಯೂ ಈ ಆಯುಧ ಬಳಸಬಹುದು. ನಮ್ಮ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆಯ ಗೋಡೆಯಲ್ಲಿ ಇಂಗ್ಲಿಷ್ ಫಲಕವೊಂದಿದೆ: ಗೋಡೆ ಒಡೆದ ಈ ಜಾಗದಿಂದಲೇ 1791ರ ಮಾರ್ಚ್ 21ರಂದು ಬ್ರಿಟಿಷರು ನುಗ್ಗಿದರು ಎಂದು. ಅಲ್ಲೇ ಕಾದಾಡಿ ಸತ್ತ, ಟಿಪ್ಪುವಿನ ಕಿಲ್ಲೇದಾರ (ಕೋಟೆಯ ಅಧಿಕಾರಿ) ಬಹಾದೂರ್ ಖಾನನ ಹೆಸರು ಅದರಲ್ಲಿಲ್ಲ. ಗೆದ್ದವರು ನೆಟ್ಟ ಕಲ್ಲನ್ನು ಓದುವಾಗ ನನಗೆ ಮೊದಲು ಕಾಣುವುದು ಆ ಇಲ್ಲದ ಹೆಸರೇ.

ಅದೇ ಯುದ್ಧದಲ್ಲಿ, ಅದೇ ವರ್ಷ, ಬ್ರಿಟಿಷರ ಪರ ಇದ್ದ ಮರಾಠಾ ಸೈನ್ಯದ ಜೊತೆಗಿದ್ದ ಪಿಂಡಾರಿಗಳು (ಲೂಟಿಕೋರ ಸವಾರರು) ಶೃಂಗೇರಿಯನ್ನು ಲೂಟಿ ಮಾಡಿದರು. ಅಲ್ಲಿನ ಸ್ವಾಮಿಗಳಿಗೆ ಟಿಪ್ಪು ಬರೆದ ಕನ್ನಡ ಪತ್ರಗಳ ಕಟ್ಟು 1916ರಲ್ಲಿ ಮಠದಲ್ಲಿ ಸಿಕ್ಕಿತು. ನಗುತ್ತಾ ಮಾಡಿದ ಪಾಪವನ್ನು ಅಳುತ್ತಾ ಅನುಭವಿಸಬೇಕೆಂಬ ಸಂಸ್ಕೃತ ಮಾತು, ಈ ಲೂಟಿಯ ಬಗ್ಗೆ ಬರೆದ ಒಂದು ಪತ್ರದಲ್ಲಿದೆ. ಶಾರದೆಯ ಪುನಃಪ್ರತಿಷ್ಠೆಗೆ ಹಣ, ಸಾಮಗ್ರಿ ಕೊಡುವಂತೆ ಬಿದನೂರಿನ ಅಧಿಕಾರಿಗೆ ಆಜ್ಞೆಯೂ ಹೋಯಿತು. ಇನ್ನೊಂದೆಡೆ, ಟಿಪ್ಪು ಕಾಲದಲ್ಲಿ ನಡೆದ ತಮ್ಮವರ ಹತ್ಯೆಯ ನೆನಪಿನಿಂದ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರು ಇಂದಿಗೂ ನರಕ ಚತುರ್ದಶಿ ಆಚರಿಸುವುದಿಲ್ಲ.

ಈಗ ಪ್ರತಿ ಚುನಾವಣೆಯಲ್ಲೂ ಒಬ್ಬರು ಶೃಂಗೇರಿಯ ಪತ್ರ ಹಿಡಿದು ಮೇಲುಕೋಟೆಯ ಬಾಯಿ ಮುಚ್ಚಿಸುತ್ತಾರೆ, ಇನ್ನೊಬ್ಬರು ಮೇಲುಕೋಟೆಯ ನೋವು ಮುಂದಿಟ್ಟು ಪತ್ರಗಳನ್ನೇ ತಳ್ಳಿಹಾಕುತ್ತಾರೆ. ಜಾಫ್ನಾದಲ್ಲಿ ಬೆಂಕಿ ಮಾಡಿದ್ದನ್ನು ಇಲ್ಲಿ ಮೈಕು ಮಾಡುತ್ತಿದೆ. ಒಬ್ಬರ ಸಾಕ್ಷಿಯಿಂದ ಇನ್ನೊಬ್ಬರ ಸಾಕ್ಷಿಯನ್ನು ಹೊಡೆಯುವ ಈ ಆಟಕ್ಕೆ ನಾನು ಸೇರುವುದಿಲ್ಲ. ಯಾರೇ ಕೇಳಲಿ, ಶೃಂಗೇರಿ, ಮೇಲುಕೋಟೆ ಎರಡನ್ನೂ ಒಟ್ಟಿಗೇ ಹೇಳುತ್ತೇನೆ, ಎರಡೂ ಕಡೆಯವರು ಬೈದರೂ ಸರಿಯೇ.