ಆರು ಮತ್ತು ಒಂಬತ್ತು ವರ್ಷದ ಮಕ್ಕಳಿಗೆ ಅಡುಗೆ ಕಲಿಸುವುದು ಎಲ್ಲಿಂದ ಶುರು ಮಾಡಲಿ?

ಮಗಳಿಗೆ ಆರು, ಮಗನಿಗೆ ಒಂಬತ್ತು, ಇಬ್ಬರಿಗೂ ಅಡುಗೆ ಮಾಡುವ ಆಸೆ, ನಿಮಗೆ ಒಲೆಯ ಭಯ ಎಂದು ಬರೆದಿದ್ದೀರಿ. ಮಗಳ ಮಟ್ಟಿಗೆ ಒಲೆಯನ್ನು ಸದ್ಯ ಮರೆತುಬಿಡಿ. ನೆಲದ ಮೇಲೆ ಚಾಪೆ ಹಾಸಿ ಕೂರಿಸಿ, ಕೋಸಂಬರಿಯಿಂದ ಶುರು ಮಾಡಿ. ಬಟಾಣಿ ಸುಲಿ, ಕೊತ್ತಂಬರಿ ಬಿಡಿಸು ಎಂದು ಬಿಡಿಬಿಡಿ ಕೆಲಸ ಕೊಟ್ಟರೆ ಮಕ್ಕಳಿಗೆ ಎರಡೇ ದಿನಕ್ಕೆ ಬೇಜಾರು. ಬೇಳೆ ನೆನೆಸುವುದರಿಂದ ಹಿಡಿದು ತಟ್ಟೆಗೆ ಬಡಿಸುವ ತನಕ ಒಂದು ಪದಾರ್ಥ ಪೂರ್ತಿ ಅವಳದೇ ಆಗಬೇಕು.

ಕಾಲು ಲೋಟ ಹೆಸರುಬೇಳೆಯನ್ನು ಮೂರು ಸಲ ತೊಳೆದು ಒಂದೂವರೆ ಗಂಟೆ ನೆನೆಸಲಿ. ಉಗುರಿನಲ್ಲಿ ಒತ್ತಿದರೆ ಬೇಳೆ ತುಂಡಾಗಬೇಕು. ಈ ಪರೀಕ್ಷೆಯನ್ನು ಅವಳೇ ಮಾಡಲಿ. ನೀರನ್ನು ಪೂರ್ತಿ ಬಸಿಯಬೇಕು. ಸೌತೆಕಾಯಿಯ ತುದಿಯ ಚೂರನ್ನು ಮೊದಲು ತಿಂದು ನೋಡಿ, ಕಹಿಯಿದ್ದರೆ ಇಡೀ ಕೋಸಂಬರಿ ಕೆಡುತ್ತದೆ. ಕಾಯಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ನೀವು ಕೊಡಿ. ಸೀಳಿದ ಮಟ್ಟಸ ಭಾಗ ಹಲಗೆಗೆ ತಾಗುವಂತೆ ಇಟ್ಟರೆ ಉರುಳುವುದಿಲ್ಲ. ಹಿಡಿಯುವ ಕೈಯ ಬೆರಳ ತುದಿಗಳು ಒಳಕ್ಕೆ ಮಡಚಿರಲಿ. ಹಲ್ಲಿರುವ ಸಣ್ಣ ಚಾಕು ಸಾಕು. ಮೊಂಡು ಚಾಕು ಬೇಡ, ಅದನ್ನು ಒತ್ತಲು ಹೋಗಿ ಕೈ ಜಾರುತ್ತದೆ. ಈಳಿಗೆಮಣೆ ಈ ವಯಸ್ಸಿಗಲ್ಲ. ಸೌತೆಕಾಯಿಗೂ ಮೊದಲು ಒಂದು ವಾರ ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ ಹೆಚ್ಚಿ ಕೈ ಕುದುರಲಿ.

ಎರಡು ಚಮಚ ಕಾಯಿತುರಿ, ಕೊತ್ತಂಬರಿ, ಅರ್ಧ ನಿಂಬೆಹಣ್ಣಿನ ರಸ ಸೇರಿಸಲಿ. ಉಪ್ಪು ಮಾತ್ರ ಬಡಿಸುವ ಹೊತ್ತಿಗೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಎಲ್ಲ ತೇಲತೊಡಗುತ್ತದೆ. ಒಮ್ಮೆ ಬೇಕೆಂತಲೇ ಎರಡು ಬಟ್ಟಲಲ್ಲಿ ಮಾಡಿಸಿ, ಒಂದಕ್ಕೆ ಅರ್ಧ ಗಂಟೆ ಮುಂಚೆ ಉಪ್ಪು ಹಾಕಿಸಿ. ಆಮೇಲೆ ಹೇಳಿಕೊಡುವ ಅಗತ್ಯವೇ ಬರುವುದಿಲ್ಲ. ಕಾಲು ಚಮಚ ಉಪ್ಪು ಹಾಕಿ, ರುಚಿ ನೋಡಿ, ಬೇಕಿದ್ದರೆ ಇನ್ನೊಂದು ಚಿಟಿಕೆ. ಸಾಕೋ ಬೇಕೋ ಎಂದು ಅವಳೇ ತೀರ್ಮಾನಿಸಲಿ, ನೀವು ಬಾಯಿ ಹಾಕಬೇಡಿ. ಹಸಿಮೆಣಸಿನಕಾಯಿ, ಒಗ್ಗರಣೆ ನಿಮ್ಮ ಕೆಲಸ. ಅಪ್ಪಿತಪ್ಪಿ ಮೆಣಸಿನಕಾಯಿ ಮುಟ್ಟಿದರೆ ಬರೀ ನೀರಿಗೆ ಉರಿ ಹೋಗದು. ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪಿನಲ್ಲಿ ತೊಳೆಸಿ.

ಮುಂದಿನದು ಚಪಾತಿ ಹಿಟ್ಟು. ಒಂದು ಲೋಟ ಗೋಧಿಹಿಟ್ಟಿಗೆ ಅರ್ಧ ಲೋಟಕ್ಕಿಂತ ಚೂರು ಕಡಿಮೆ ನೀರು. ಮಕ್ಕಳು ಎಡವುವುದು ಇಲ್ಲೇ, ನೀರನ್ನೆಲ್ಲ ಒಮ್ಮೆಗೇ ಸುರಿದುಬಿಡುತ್ತಾರೆ. ನೀರಿನ ಜೊತೆ ಚಮಚವನ್ನೂ ಕೊಡಿ, ಚಮಚ ಚಮಚವಾಗಿ ಹಾಕುತ್ತಾ ಕಲಸಲಿ. ನಾದಿ 20 ನಿಮಿಷ ಮುಚ್ಚಿಡದಿದ್ದರೆ ಲಟ್ಟಿಸಿದಷ್ಟೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಕಾರ ಹೇಗೇ ಬರಲಿ, ದಪ್ಪ ಒಂದೇ ಸಮ ಇರಬೇಕು. ಅಂಚು ದಪ್ಪವಾದರೆ ಹಸಿ ಉಳಿಯುತ್ತದೆ. ಒಣಹಿಟ್ಟು ಹೆಚ್ಚಾಗಿ ಹಚ್ಚಿದರೆ ಅದು ಕಾವಲಿಯ ಮೇಲೆ ಸೀದು ಕಹಿಯಾಗುತ್ತದೆ.

ಮಗನಿಗೆ ಒಲೆ ಕಲಿಸಬಹುದು, ನೀವು ಪಕ್ಕದಲ್ಲೇ ನಿಂತಿರಬೇಕು. ಮೊದಲ ಪಾಠ ಒಲೆ ಆರಿಸುವುದು. ಹತ್ತಿ ಬಟ್ಟೆ ಹಾಕಿರಲಿ, ನೈಲಾನ್ ಬೇಡ. ಪಾತ್ರೆಯ ಹಿಡಿ ಒಳಮುಖವಾಗಿರಲಿ. ಮುಚ್ಚಳವನ್ನು ತನ್ನ ಕಡೆಯಿಂದ ಎತ್ತದೆ ಆಚೆ ಬದಿಯಿಂದ ಎತ್ತಿದರೆ ಹಬೆ ಮುಖಕ್ಕೆ ಬಡಿಯುವುದಿಲ್ಲ. ದೋಸೆಯಿಂದ ಶುರು ಮಾಡಿಸಿ, ಎಣ್ಣೆ ಸಿಡಿಯುವುದು ಕಡಿಮೆ. ಕಾವಲಿ ತೀರಾ ಕಾದಿದ್ದರೆ ಹಿಟ್ಟು ಹರಡದೆ ಸೌಟಿಗೇ ಅಂಟಿಕೊಂಡು ಬರುತ್ತದೆ. ಆಗ ನೀರು ಚಿಮುಕಿಸಿ, ಒರೆಸಿ, ಉರಿ ತಗ್ಗಿಸಲಿ. ಸಾಸಿವೆ ಒಗ್ಗರಣೆಯನ್ನು ಇನ್ನೊಂದೆರಡು ವರ್ಷ ತಡೆಯಿರಿ. ಕಲಿಸುವಾಗ ಸೌಟು, ಕರಿಬೇವು ಎರಡನ್ನೂ ಒಣಗಿಸಿಕೊಳ್ಳಬೇಕು. ಹನಿ ನೀರಿದ್ದರೂ ಎಣ್ಣೆ ಎಗರುತ್ತದೆ. ಕುಕ್ಕರ್ ಅದಕ್ಕೂ ಆಮೇಲೆ.

ಇಷ್ಟರ ಮೇಲೂ ಎಲ್ಲಾದರೂ ಸುಟ್ಟರೆ ತಕ್ಷಣ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್, ಟೂತ್‌ಪೇಸ್ಟ್, ಅರಿಶಿನ ಯಾವುದನ್ನೂ ಹಚ್ಚಬೇಡಿ. ಬೊಬ್ಬೆ ಎದ್ದರೆ ಒಡೆಯದೆ ಡಾಕ್ಟರಿಗೆ ತೋರಿಸಿ.