ರಣಜಿ ಆಡಿದ ತಮ್ಮನನ್ನು ಮನೆಯ ವ್ಯಾಪಾರಕ್ಕೆ ಯಾವಾಗ, ಹೇಗೆ ಕರೆತರಬೇಕು?

ನಿಮ್ಮ ತಮ್ಮನಿಗೆ 27 ವರ್ಷ, ರಾಜ್ಯದ ಪರ ನಾಲ್ಕು ರಣಜಿ ಪಂದ್ಯ ಆಡಿದ್ದಾನೆ, ಕಳೆದ ಎರಡು ಋತುಗಳಿಂದ ಸಂಭಾವ್ಯರ ಪಟ್ಟಿಯಲ್ಲಿ ಹೆಸರಿದ್ದರೂ ಆಡುವ ಹನ್ನೊಂದರಲ್ಲಿ ಜಾಗ ಸಿಕ್ಕಿಲ್ಲ, ಇತ್ತ ದಾವಣಗೆರೆಯ ಜವಳಿ ಅಂಗಡಿಯನ್ನು ಒಬ್ಬರೇ ನಡೆಸಲಾರದೆ ತಂದೆಯವರು ಅವನನ್ನು ಕರೆಯುತ್ತಿದ್ದಾರೆ ಎಂದು ಬರೆದಿದ್ದೀರಿ. ಈಗ ಆಟ ಬಿಡಿಸಿದರೆ ಅವನು ಜೀವನವಿಡೀ ಕೊರಗುತ್ತಾನೆಯೇ, ಬಿಡಿಸದಿದ್ದರೆ ಅಂಗಡಿ ಕೈತಪ್ಪುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು 1990ರ ದಶಕದ ಕೊನೆಯಲ್ಲಿ ಕರ್ನಾಟಕದ ಪರ ಬೆರಳೆಣಿಕೆಯಷ್ಟು ಪ್ರಥಮ ದರ್ಜೆ ಪಂದ್ಯಗಳನ್ನು ಆಡಿದ ಮಧ್ಯಮ ವೇಗದ ಬೌಲರ್. ಇಪ್ಪತ್ತು ವರ್ಷಕ್ಕೂ ಮೀರಿ ಶಿವಮೊಗ್ಗದಲ್ಲಿ ನಮ್ಮ ಅಜ್ಜ ಆರಂಭಿಸಿದ ಅಡಿಕೆ ಮಂಡಿಯನ್ನು ನಡೆಸುತ್ತಿದ್ದೇನೆ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಬರೆಯದೆ ಇರಲು ಮನಸ್ಸಾಗಲಿಲ್ಲ.

ಮೊದಲಿಗೆ, ಜಾಗ ಸಿಗದಿರುವುದನ್ನು ಮನೆಯವರು ಯೋಗ್ಯತೆಯ ಕೊರತೆ ಎಂದು ತಿಳಿಯಬಾರದು. ನನ್ನ ಕಾಲದಲ್ಲಿ ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ದೊಡ್ಡ ಗಣೇಶ್, ಡೇವಿಡ್ ಜಾನ್ಸನ್, ಈ ನಾಲ್ವರೂ ಒಂದೇ ರಾಜ್ಯದ ವೇಗದ ಬೌಲರ್‌ಗಳು, ನಾಲ್ವರೂ ಟೆಸ್ಟ್ ಆಡಿದವರು. 1995-96, 1997-98 ಮತ್ತು 1998-99ರಲ್ಲಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. ಅಂಥ ತಂಡದಲ್ಲಿ ಐದನೆಯ ಬೌಲರ್ ಆಗಿ ಕಾಯುವವನಿಗೆ, ಅವರಲ್ಲಿ ಯಾರಾದರೂ ಭಾರತ ತಂಡಕ್ಕೆ ಹೋದಾಗ ಬಾಗಿಲು ತೆರೆಯುತ್ತಿತ್ತು, ಅವರು ಮರಳಿದ ದಿನ ಮುಚ್ಚುತ್ತಿತ್ತು. ಹರಿಯಾಣದ ಎಡಗೈ ಸ್ಪಿನ್ನರ್ ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ಪಡೆದರೂ, ಅದೇ ಕಾಲದಲ್ಲಿ ಅದೇ ಬಗೆಯ ಸ್ಪಿನ್ನರ್ ಆಗಿ ಬಿಷನ್ ಸಿಂಗ್ ಬೇಡಿ ಇದ್ದುದರಿಂದ, ಒಂದೇ ಒಂದು ಟೆಸ್ಟ್ ಆಡಲಿಲ್ಲ. ನಿಮ್ಮ ತಮ್ಮ ಅಂಗಡಿಗೆ ಬಂದರೆ ಸೋತು ಬಂದವನಾಗಿ ಬರಬಾರದು, ಮತ್ತು ಅದು ಬಹುಮಟ್ಟಿಗೆ ನಿಮ್ಮೆಲ್ಲರ ಮಾತಿನ ಧಾಟಿಯ ಮೇಲೆ ನಿಂತಿದೆ.

ಹಣದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. 2021-22ರ ಋತುವಿನಿಂದ ಜಾರಿಗೆ ಬಂದ ಪಂದ್ಯ ಶುಲ್ಕದ ಪರಿಷ್ಕರಣೆಯಂತೆ, 20 ಪಂದ್ಯಗಳೊಳಗಿನ ಅನುಭವವುಳ್ಳ ಆಟಗಾರ ಹನ್ನೊಂದರಲ್ಲಿದ್ದರೆ ದಿನಕ್ಕೆ 40,000 ರೂಪಾಯಿ, ಮೀಸಲು ಆಟಗಾರನಾಗಿದ್ದರೆ ಅದರ ಅರ್ಧ. ಅಂದರೆ ನಾಲ್ಕು ದಿನದ ಒಂದು ಪಂದ್ಯಕ್ಕೆ 1.6 ಲಕ್ಷ, ಲೀಗ್ ಹಂತದ ಏಳೂ ಪಂದ್ಯ ಆಡಿದರೆ 11 ಲಕ್ಷದ ಮೇಲೆ. ಆಡುವವನಿಗೆ ಇದು ಗೌರವದ ಸಂಪಾದನೆ. ಪಟ್ಟಿಯಲ್ಲಿ ಹೆಸರಿದ್ದು ಪ್ರಯಾಣದ ತಂಡಕ್ಕೂ ಆಯ್ಕೆಯಾಗದವನಿಗೆ ಮಾತ್ರ ಇದರಲ್ಲಿ ಏನೂ ಇಲ್ಲ. ನನ್ನಂತೆ ಕೆಲವೇ ಪಂದ್ಯ ಆಡಿದವರಿಗೆ ಕ್ರಿಕೆಟ್ ಮಂಡಳಿಯ ಪಿಂಚಣಿಯೂ ಬರುವುದಿಲ್ಲ.

ನಿಜವಾದ ತೊಡಕು ತಿಂಗಳುಗಳದ್ದು. ಅಡಿಕೆ ಕೊಯ್ಲು ಚುರುಕಾಗುವುದು ಅಕ್ಟೋಬರ್‌ನಿಂದ ಜನವರಿಯವರೆಗೆ, ರಣಜಿ ನಡೆಯುವುದೂ ಹೆಚ್ಚುಕಡಿಮೆ ಅದೇ ಚಳಿಗಾಲದಲ್ಲಿ. ನಿಮ್ಮ ಜವಳಿ ಅಂಗಡಿಗೆ ದೀಪಾವಳಿಯ ವ್ಯಾಪಾರ ಬರುವ ಹೊತ್ತಿಗೂ ಅವನು ಮೈದಾನದಲ್ಲಿರುತ್ತಾನೆ. ನಾನು ಎರಡು ವರ್ಷ ಎರಡನ್ನೂ ನಿಭಾಯಿಸಲು ಯತ್ನಿಸಿ, ಪಂದ್ಯದ ಊಟದ ವಿರಾಮದಲ್ಲಿ ಎಸ್‌ಟಿಡಿ ಬೂತ್ ಹುಡುಕಿಕೊಂಡು ಹೋಗಿ ಅಂದಿನ ಅಡಿಕೆ ದರ ಕೇಳುತ್ತಿದ್ದೆ. ಅದರಿಂದ ಬೌಲಿಂಗ್ ಕೆಟ್ಟಿತು, ಮಂಡಿಗೂ ಉಪಯೋಗವಾಗಲಿಲ್ಲ. ಕೊನೆಗೆ ತಂದೆಯವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದಾಗ, ಯಾರೂ ಕರೆಯದಿದ್ದರೂ ನಾನೇ ಬಂದೆ. ಅವರು ಗಟ್ಟಿಯಾಗಿದ್ದಾಗ ಬಂದಿದ್ದರೆ ಅವರಿಂದ ಕಲಿಯಬಹುದಾಗಿದ್ದ ಎಷ್ಟೋ ಸಂಗತಿಗಳನ್ನು, ಮಾತೂ ತೊದಲುತ್ತಿದ್ದ ಅವರ ಬಾಯಿಂದ ತುಣುಕು ತುಣುಕಾಗಿ ಕೇಳಿಕೊಳ್ಳಬೇಕಾಯಿತು. ನನಗೆ ಇಂದಿಗೂ ಇರುವ ಕೊರಗು ಇದೊಂದೇ. ಇನ್ನಷ್ಟು ಪಂದ್ಯ ಆಡಲಿಲ್ಲವೆಂಬ ನೋವು ನಾಲ್ಕೈದು ವರ್ಷಗಳಲ್ಲಿ ಮಾಯಿತು.

ಮಂಡಿಗೆ ಬಂದ ಮೊದಲ ಬೆಳಿಗ್ಗೆ ನಾನು ತಂದೆಯವರ ಗಾದಿಯ ಮೇಲೆ ಕೂರಲು ಹೋದೆ. ಮೂವತ್ತು ವರ್ಷದಿಂದ ನಮ್ಮಲ್ಲಿದ್ದ ಗುಮಾಸ್ತರು ಏನೂ ಹೇಳದೆ, ಹಮಾಲರಿಂದ ಒಂದು ಮೂಟೆ ನೆಲಕ್ಕೆ ಸುರಿಸಿ, ಅದರಿಂದ ನಾಲ್ಕು ಅಡಿಕೆ ಆರಿಸಿ ನನ್ನ ಅಂಗೈಯಲ್ಲಿಟ್ಟು, ‘ಇವುಗಳಲ್ಲಿ ಯಾವುದು ಬೇರೆ, ಹೇಳಿ’ ಎಂದರು. ನಾಲ್ಕೂ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸ, ಹತ್ತಿ ಒಣಗಿದ ಕೆಂಪಡಿಕೆ, ನನ್ನ ಕಣ್ಣಿಗೆ ನಾಲ್ಕೂ ಒಂದೇ. ಅವರು ಒಂದನ್ನು ಅಡಕತ್ತರಿಯಲ್ಲಿ ಸೀಳಿದರು. ಹೊರಗೆ ಅಷ್ಟೊಂದು ಹೊಳಪಿದ್ದ ಅಡಿಕೆಯ ನಡುವೆ ಕಪ್ಪು ಹಿಡಿದಿತ್ತು. ಚೆಂಡಿನ ಹೊಲಿಗೆ ಎಲ್ಲಿ ಉಬ್ಬಿದೆ, ಯಾವ ಮಗ್ಗುಲು ಒರಟಾಗಿದೆ ಎಂಬುದನ್ನು ಕಣ್ಣುಮುಚ್ಚಿಕೊಂಡು ಹೇಳಬಲ್ಲ ಬೆರಳುಗಳು ನನ್ನವು, ಆದರೆ ಅಂದು ಅವುಗಳಿಗೆ ಏನೂ ತಿಳಿಯಲಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳ ವ್ಯತ್ಯಾಸ ಕೊಯ್ಲಿನ ಹೊತ್ತಿಗೆ ಕಾಯಿ ಎಷ್ಟು ಬಲಿತಿತ್ತು, ಆಮೇಲೆ ಅದನ್ನು ಹೇಗೆ ಬೇಯಿಸಿ ಒಣಗಿಸಿದರು ಎಂಬುದರ ಮೇಲೆ ನಿಂತಿದೆ, ಮತ್ತು ಒಂದನ್ನು ಇನ್ನೊಂದೆಂದು ಭಾವಿಸಿದರೆ ಕ್ವಿಂಟಲ್ ಒಂದಕ್ಕೆ ಸಾವಿರಾರು ರೂಪಾಯಿ ಹೋಗುತ್ತದೆ. ನಾನು ಗಾದಿ ಬಿಟ್ಟು ಎರಡು ವರ್ಷ ಅವರ ಪಕ್ಕದ ಮಣೆಯ ಮೇಲೆ ಕುಳಿತೆ.

ಹೆಸರಿನ ಬಗ್ಗೆಯೂ ಹೇಳಬೇಕು, ಏಕೆಂದರೆ ರಣಜಿ ಆಟಗಾರನ ಅಂಗಡಿಯೆಂದು ಜನ ಬರುತ್ತಾರೆಂಬ ಭರವಸೆ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಬರುತ್ತಾರೆ, ನಿಜ. ಕುಳಿತು ಕಾಫಿ ಕುಡಿದು, ಭದ್ರಾವತಿಯ ಬ್ಯಾಟ್ಸ್‌ಮನ್ ಜಿ.ಆರ್. ವಿಶ್ವನಾಥ್ ತಮ್ಮ ಮೊದಲ ರಣಜಿ ಪಂದ್ಯದಲ್ಲೇ 230 ಹೊಡೆದದ್ದರಿಂದ ಮಾತು ಆರಂಭಿಸಿ ಒಂದು ಗಂಟೆ ಸಂತೋಷದಿಂದ ಕಳೆಯುತ್ತಾರೆ. ಆದರೆ ಬೆಳೆಗಾರ ತನ್ನ ವರ್ಷದ ಬೆಳೆಯನ್ನು ನಮ್ಮಲ್ಲಿಳಿಸುವುದು ತೂಕ ಸರಿಯಿದೆ, ಖರೀದಿದಾರರ ಟೆಂಡರ್ ಮುಗಿದ ಮೇಲೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಸರಿಯಾಗಿ ಬರೆಯುತ್ತಾರೆ, ಹಣ ಹೇಳಿದ ದಿನ ಕೈಸೇರುತ್ತದೆ ಎಂಬ ನಂಬಿಕೆಯಿಂದ. 1939ರಿಂದ ಮ್ಯಾಮ್ಕೋಸ್‌ನಂಥ ಅಡಿಕೆ ಮಾರಾಟದ ಸಹಕಾರ ಸಂಘ ಇರುವ ಊರಿನಲ್ಲಿ ಬೆಳೆಗಾರನಿಗೆ ಬೇರೆ ಬಾಗಿಲು ಇದ್ದೇ ಇದೆ. ಈ ಹೆಸರಿನಿಂದಲೇ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದೆ. ಮಂಡಿಗೆ ಬಂದ ಎರಡನೆಯ ಮಳೆಗಾಲದಲ್ಲಿ, ಪತ್ರಿಕೆಯಲ್ಲಿ ನನ್ನ ಹೆಸರು ಓದಿದ್ದನ್ನು ನೆನೆದು ಪ್ರೀತಿಯಿಂದ ಮಾತನಾಡಿಸಿದ ಬೆಳೆಗಾರರೊಬ್ಬರಿಗೆ, ತೋಟ ನೋಡದೆ, ಗುಮಾಸ್ತರನ್ನೂ ಕೇಳದೆ ದೊಡ್ಡ ಮೊತ್ತದ ಮುಂಗಡ ಕೊಟ್ಟೆ. ಆ ಆಷಾಢದಲ್ಲಿ ಮಳೆ ಬಿಡುವು ಕೊಡದೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲಾಗಲಿಲ್ಲ, ರೋಗ ತಗುಲಿ ಕಾಯಿ ಮರದ ಬುಡದಲ್ಲಿ ರಾಶಿಯಾಗಿ ಉದುರಿತು. ಆ ಮನುಷ್ಯ ಮೋಸಗಾರರಲ್ಲ, ಮೂರು ವರ್ಷದಲ್ಲಿ ತೀರಿಸಿದರು. ಆದರೆ ಆ ಮೂರು ವರ್ಷ ನಾವು ಬಡ್ಡಿಗೆ ಹಣ ತಂದು ಬೇರೆ ಬೆಳೆಗಾರರ ಪಟ್ಟಿ ಚುಕ್ತಾ ಮಾಡಬೇಕಾಯಿತು.

ಆಟದಿಂದ ಬಂದವರಿಗೆ ಇದು ಕಷ್ಟವಾಗಲು ಒಂದು ಕಾರಣವಿದೆ. ನಾಲ್ಕು ದಿನದಲ್ಲಿ ಫಲಿತಾಂಶ ಕಂಡು ಅಭ್ಯಾಸವಾದವನಿಗೆ, ಆಷಾಢದಲ್ಲಿ ಕೊಟ್ಟ ಮುಂಗಡ ಮಾಘದಲ್ಲಿ ಮರಳುವ ಲೆಕ್ಕ ಬೇಗ ಮೈಗೂಡುವುದಿಲ್ಲ. ಮೈದಾನದಲ್ಲಿ ಸ್ಕೋರರ್ ಇರುತ್ತಾನೆ, ನೀನು ಮಾಡಿದ್ದೆಷ್ಟು ಎಂಬುದು ಸಂಜೆ ಎಲ್ಲರಿಗೂ ತಿಳಿಯುತ್ತದೆ. ಅಪ್ಪ-ಮಗನ ಅಂಗಡಿಯಲ್ಲಿ ಅಂಥವರು ಯಾರೂ ಇಲ್ಲ. ಆದ್ದರಿಂದ ಅವನು ಬರುವ ಮುನ್ನವೇ ತಿಂಗಳ ಸಂಬಳ ಎಷ್ಟು, ಯಾವ ಖರೀದಿಯನ್ನು ಅವನೇ ನಿರ್ಧರಿಸಬಹುದು, ಎಷ್ಟು ಮೊತ್ತದವರೆಗೆ ಸಾಲ ಕೊಡಬಹುದು ಎಂಬುದನ್ನು ತಂದೆಯವರು ಒಂದು ಹಾಳೆಯಲ್ಲಿ ಬರೆದಿಡಲಿ ಎಂದು ನಾನು ಬಲವಾಗಿ ಹೇಳುತ್ತೇನೆ. ನನಗೆ ಮೊದಲ ಮೂರು ವರ್ಷ ಸಂಬಳವಿರಲಿಲ್ಲ. ಮದುವೆಯಾದ ಮೇಲೂ ಖರ್ಚಿಗೆ ಗಲ್ಲಾಪೆಟ್ಟಿಗೆಗೆ ಕೈಹಾಕುವಾಗ ಆಗುತ್ತಿದ್ದ ಸಂಕೋಚ, ಆಟ ಬಿಟ್ಟದ್ದಕ್ಕಿಂತ ಹೆಚ್ಚು ನೋಯಿಸುತ್ತಿತ್ತು.

ನಿಮ್ಮ ತಂದೆಯವರು ಈಗ ಆರೋಗ್ಯವಾಗಿದ್ದಾರೆಂದು ಬರೆದಿರುವುದರಿಂದ, ನಿಮ್ಮ ಸ್ಥಾನದಲ್ಲಿ ನಾನಿದ್ದರೆ ಅವನಿಗೆ ಇನ್ನೊಂದೇ ಒಂದು ಪೂರ್ತಿ ಋತುವನ್ನು, ಅಂಗಡಿಯ ಯಾವ ಕೆಲಸವನ್ನೂ ಹೇಳದೆ, ಬಿಟ್ಟುಕೊಡುತ್ತಿದ್ದೆ. ಅದಕ್ಕೆ ಬದಲಾಗಿ ಈ ಏಪ್ರಿಲ್‌ನಿಂದ ಮಳೆಗಾಲ ಮುಗಿಯುವವರೆಗೆ ಬೆಳಿಗ್ಗೆ ಅಭ್ಯಾಸ ಮುಗಿಸಿ ದಿನವೂ ಅಂಗಡಿಗೆ ಬರಲಿ. ಗಲ್ಲಾಪೆಟ್ಟಿಗೆಯ ಬಳಿ ಕೂರದೆ ದಾಸ್ತಾನು ಕೋಣೆಯಲ್ಲಿ ಥಾನು ಎಣಿಸುವುದರಿಂದ, ಮುಟ್ಟಿ ನೂಲು ಗುರುತಿಸುವುದರಿಂದ ಆರಂಭಿಸಲಿ. ಮುಂದಿನ ಲೀಗ್ ಹಂತ ಮುಗಿಯುವ ಹೊತ್ತಿಗೂ ಜಾಗ ಸಿಗದಿದ್ದರೆ ಅಂಗಡಿಯೇ ಮುಖ್ಯ ಕೆಲಸ ಎಂಬುದನ್ನು ಈಗಲೇ ಮೂವರೂ ಕುಳಿತು ಒಪ್ಪಿಕೊಳ್ಳಿ. ಋತುವಿನ ನಡುವೆ, ಅವನು ಆಯ್ಕೆಪಟ್ಟಿಗಾಗಿ ಕಾಯುತ್ತಿರುವ ಸಂಜೆ, ಈ ಮಾತನ್ನು ದಯವಿಟ್ಟು ಎತ್ತಬೇಡಿ. ಮಾತನ್ನು ತಂದೆಯವರೇ ಆಡಲಿ, ಅಕ್ಕನ ಮೂಲಕ ಬಂದರೆ ಅದು ದೂರಿನಂತೆ ಕೇಳಿಸುತ್ತದೆ. ಮತ್ತೊಂದು ಸಂಗತಿ: ನಾನು ಮನೆಗೆ ಮರಳಿದ ವಾರವೇ ಅಮ್ಮ, ಕಣ್ಣೆದುರಿಗಿದ್ದರೆ ನನಗೆ ಸಂಕಟವಾದೀತೆಂದು, ಕಿಟ್ ಬ್ಯಾಗನ್ನು ಅಟ್ಟಕ್ಕೇರಿಸಿದ್ದರು. ನಾನು ಅದನ್ನು ಇಳಿಸಿ ಮತ್ತೆ ಬೂಟು ಕಟ್ಟಿ ಭಾನುವಾರದ ಪಂದ್ಯಗಳಿಗೆ ಹೋಗಲು ಆರು ವರ್ಷ ಬೇಕಾಯಿತು. ನಿಮ್ಮ ಮನೆಯಲ್ಲಿ ಅದು ಬಾಗಿಲ ಹಿಂದೆ, ಕೈಗೆ ಸಿಗುವಲ್ಲೇ ಇರಲಿ.